ಊದುಗೊಳವೆಯ ಈಚೆ ತುದಿಯಲ್ಲಿದ್ದವರು

ನಮ್ಮ ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಪ್ರಕಟವಾಯಿತು. ಅಂದಿನಿಂದ ಅದರೊಳಗಿನ ಬಳೆಗಾರ ಚೆನ್ನಯ್ಯ ಕನ್ನಡದ ಮನೆಮನೆಗೂ ಪರಿಚಿತ. ಅದಕ್ಕೂ ಹಿಂದಿನಿಂದ ಹೆಂಗಸರ ಬಾಯಲ್ಲಿ ‘ಭಾಗ್ಯದ ಬಳೆಗಾರ’ ಇದ್ದೇ ಇದ್ದ. ಅತ್ತೆಮನೆಗೂ ತವರಿಗೂ ನಡುವೆ ಸುದ್ದಿ ಹೊತ್ತು ತಿರುಗುವ, ಗಂಡಸಾಗಿಯೂ ಪರಹೆಣ್ಣಿನ ಕೈ ಹಿಡಿಯಲು ಸಮಾಜದಿಂದ ಪರವಾನಗಿ ಪಡೆದ ಈ ವ್ಯಕ್ತಿಯ ಬಗ್ಗೆ ನಮ್ಮ ಸಾಹಿತ್ಯಕ್ಕೆ ಅಪಾರ ಪ್ರೀತಿಯಿದೆ. ಆದರೆ ಅವನ ಹೆಗಲ ಮೇಲಿನ ಮಲಾರದಲ್ಲಿದ್ದ ಬಳೆಯನ್ನು ಮಾಡಿದವರು ಯಾರು? ಮಾರುವವನಿಗೆ ಹೆಸರಿದೆ, ತೊಡುವವಳಿಗೆ ಊರು ತವರು ಎಲ್ಲ ಇದೆ. ಬೆಂಕಿಯ ಮುಂದೆ ಕೂತವನು ಮಾತ್ರ ಕವಿತೆಯಲ್ಲೂ ಇಲ್ಲ, ಹಾಡಿನಲ್ಲೂ ಇಲ್ಲ.

ನಿಜ ಹೇಳಬೇಕೆಂದರೆ ಈ ಪ್ರಶ್ನೆ ನನಗೆ ಬಂದದ್ದು ಕವಿತೆ ಓದುವಾಗ ಅಲ್ಲ. ಇಂದಿನ ಗಾಜಿನ ಕಲಾವಿದರ ಕೃತಿಗಳ ಚಿತ್ರಸಂಪುಟವೊಂದನ್ನು ಗೆಳೆಯರ ಮನೆಯಲ್ಲಿ ತಿರುವಿಹಾಕುತ್ತಿದ್ದಾಗ. ನುಣುಪಾದ ಕಾಗದ, ಪುಟಕ್ಕೊಂದು ಚಿತ್ರ, ಪ್ರತಿಯೊಂದರ ಕೆಳಗೂ ಕಲಾವಿದರ ಹೆಸರು, ವರ್ಷ, ಅಳತೆ. ಆ ಬಳಿಕ ಸಣ್ಣ ಅಕ್ಷರದಲ್ಲಿ ‘ಕೈಯಿಂದ ಊದಿದ ಗಾಜು’ ಎಂಬ ಮಾತು. ಯಾರ ಕೈ? ಊದಿದ್ದು ಯಾರ ಉಸಿರು? ಕೆಲವು ಕಡೆ ಹೆಸರಿನವರೇ ಊದಿದ್ದರು, ಹಲವು ಕಡೆ ಊದಿರಲಿಲ್ಲ ಎಂಬುದು ಆಮೇಲೆ ಓದಿಕೊಂಡಾಗ ತಿಳಿಯಿತು.

ಗಾಜು ಊದುವುದೆಂದರೆ ಏನೆಂದು ಮಂಡ್ಯ ಸೀಮೆಯವರಿಗೆ ವಿವರಿಸುವುದು ಕಷ್ಟವಲ್ಲ. ಮದ್ದೂರು ತಾಲೂಕಿನ ಕೆ.ಎಂ. ದೊಡ್ಡಿ ಕಡೆಯ ಯಾವುದಾದರೊಂದು ಆಲೆಮನೆಗೆ ಹೋಗಿ ಕೊಪ್ಪರಿಗೆಯ ಪಕ್ಕ ನಿಂತರೆ ಅರ್ಧ ಪಾಠ ಮುಗಿದಂತೆ. ಕುದಿಯುವ ಕಬ್ಬಿನ ಹಾಲು ಒಂದು ಹಂತದಲ್ಲಿ ನೀರಿನ ಗುಣ ಬಿಟ್ಟು ಪಾಕದ ಗುಣ ಹಿಡಿಯುತ್ತದೆ. ಪಾಕ ನೋಡುವವನು ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿಸಿ ‘ಇಳಿಸ್ರಪ್ಪ’ ಎನ್ನುತ್ತಾನೆ. ಸ್ವಲ್ಪ ಮುಂಚಾದರೆ ಬೆಲ್ಲ ಕಟ್ಟುವುದಿಲ್ಲ, ತಡವಾದರೆ ಸೀದುಹೋಗುತ್ತದೆ. ಗಾಜೂ ಹೀಗೆಯೇ ಹದದ ವಸ್ತು. ಮರಳು ಒಂದನ್ನೇ ಕರಗಿಸಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೋಡಾ ಸೇರಿಸಿದರೆ ಅದು ಬಹಳ ಕಡಿಮೆ ಶಾಖಕ್ಕೇ ಕರಗುತ್ತದೆ, ಸುಣ್ಣ ಸೇರಿಸಿದರೆ ನೀರಿಗೆ ಜಗ್ಗದೆ ನಿಲ್ಲುತ್ತದೆ. ಸುಮಾರು 1100 ಡಿಗ್ರಿಯಲ್ಲಿ ಅದು ಜೇನಿನಂತೆ ಕೊಳವೆಯ ತುದಿಗೆ ಸುತ್ತಿಕೊಳ್ಳುತ್ತದೆ. ನಮ್ಮ ಅಜ್ಜಿಯಂದಿರು ಸೌದೆ ಒಲೆಗೆ ಊದುತ್ತಿದ್ದ ಊದುಗೊಳವೆಯನ್ನೇ ನಾಲ್ಕೈದು ಅಡಿ ಉದ್ದ ಮಾಡಿಕೊಂಡಂತೆ ಒಂದು ಕಬ್ಬಿಣದ ಕೊಳವೆ. ಅದರ ತುದಿಗೆ ಕೆಂಪಗೆ ಉರಿಯುವ ಗಾಜಿನ ಉಂಡೆ. ಊದುತ್ತಲೇ ತಿರುಗಿಸುತ್ತಿರಬೇಕು. ತಿರುಗಿಸುವುದು ನಿಂತರೆ ಉಂಡೆ ಒಂದು ಕಡೆಗೆ ಜೋತುಬೀಳುತ್ತದೆ. ಆರುತ್ತಾ ಬಂದಾಗ ಮತ್ತೆ ಬೆಂಕಿಗೆ ಹಿಡಿಯಬೇಕು. ಕೊನೆಗೆ ಗಂಟೆಗಟ್ಟಲೆ ಬೆಚ್ಚಗಿನ ಗೂಡಿನಲ್ಲಿಟ್ಟು ನಿಧಾನವಾಗಿ ತಣಿಸಬೇಕು, ಇಲ್ಲವಾದರೆ ತನ್ನಷ್ಟಕ್ಕೆ ಬಿರುಕು ಬಿಡುತ್ತದೆ. ಇದನ್ನು ಒಬ್ಬರೇ ಮಾಡುವುದು ಬಹಳ ಕಷ್ಟ. ಒಬ್ಬರು ಕೂತು ತಿರುಗಿಸುತ್ತಿದ್ದರೆ ಇನ್ನೊಬ್ಬರು ಊದುತ್ತಾರೆ, ಮತ್ತೊಬ್ಬರು ಹೊಸ ಉಂಡೆ ತಂದು ಅಂಟಿಸುತ್ತಾರೆ, ಇನ್ನೊಬ್ಬರು ಬೆಂಕಿಯ ಬಾಗಿಲು ತೆಗೆಯುತ್ತಾರೆ. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವನು, ಒಲೆಗೆ ಸಿಪ್ಪೆ ತಳ್ಳುವವನು, ಪಾಕ ನೋಡುವವನು, ಅಚ್ಚಿಗೆ ಸುರಿಯುವವನು ಇರುವಂತೆಯೇ. ಗಾಜಿನ ಕಲೆಯನ್ನು ಕುರಿತ ಯಾವ ವಿಮರ್ಶೆಯಾದರೂ ಈ ಗುಂಪುಗೆಲಸದಿಂದಲೇ ಶುರುವಾಗಬೇಕೆಂದು ನನಗನ್ನಿಸುತ್ತದೆ. ಆದರೆ ಕಲಾವಿಮರ್ಶೆ ಸಾಮಾನ್ಯವಾಗಿ ಶುರುವಾಗುವುದು ಸಹಿಯಿಂದ.

ಮದ್ದೂರಿನಿಂದ ಬೆಂಗಳೂರು ರಸ್ತೆಯಲ್ಲಿ ಸುಮಾರು 20 ಕಿ.ಮೀ. ಹೋದರೆ ಚನ್ನಪಟ್ಟಣ. ಬೊಂಬೆಗಳ ಊರು ಎಂದು ಎಲ್ಲರಿಗೂ ಗೊತ್ತು. ಆದರೆ ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಈ ಊರಿನ ಹೆಸರಾಂತ ಕಸುಬುಗಳೆಂದು ಮೂರನ್ನು ಹೇಳುತ್ತದೆ: ಅರಗಿನ ಸಾಮಾನು ಮತ್ತು ಬೊಂಬೆ, ಸಂಗೀತ ವಾದ್ಯಗಳಿಗೆ ಬೇಕಾದ ನಯವಾದ ಉಕ್ಕಿನ ತಂತಿ, ಗಾಜಿನ ಬಳೆ. ಕಸುಬುದಾರರು ವಾಸವಿದ್ದದ್ದು ಕೋಟೆಯ ಈಶಾನ್ಯಕ್ಕಿದ್ದ ಶುಕ್ರವಾರಪೇಟೆಯಲ್ಲಿ. ಬೊಂಬೆ ಉಳಿಯಿತು. ತಂತಿಯೂ ಬಳೆಯೂ ಹೋದವು. ಇವತ್ತು ಚನ್ನಪಟ್ಟಣದಲ್ಲಿ ರೈಲು ಇಳಿದವರಿಗೆ ಒಂದು ಕಾಲಕ್ಕೆ ಇಲ್ಲಿ ಗಾಜು ಕರಗುತ್ತಿತ್ತು ಎಂದರೆ ನಂಬಲಿಕ್ಕಿಲ್ಲ.

ಉತ್ತರಕ್ಕೆ ಇನ್ನಷ್ಟು ದೂರ, ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲೂಕಿನ ಮತ್ತೋಡು ಎಂಬ ಊರಿದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯಂತೆ ಮೈಸೂರು ಸೀಮೆಯ ಸಂಚಾರಕ್ಕೆ ಹೊರಟ ಫ್ರಾನ್ಸಿಸ್ ಬುಕಾನನ್ ಮತ್ತೋಡಿನ ಗಾಜಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂತು. ಊರ ಕೋಟೆಗೋಡೆಯ ಒಳಮೈಗೆ ಒತ್ತಿ ಕಟ್ಟಿದ ಎತ್ತರದ ಜಗಲಿ, ಅದರಲ್ಲಿ ಗುಮ್ಮಟದಾಕಾರದ ಕುಲುಮೆ, ಸುತ್ತಮುತ್ತಲೇ ಸಿಗುವ ಕಲ್ಲು ಮಣ್ಣುಗಳಿಂದ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಹೀಗೆ ಐದು ಬಣ್ಣದ ಗಾಜು. ಬುಕಾನನ್ ಒಬ್ಬ ವೈದ್ಯ, ಸಸ್ಯಶಾಸ್ತ್ರಜ್ಞ. ಕಂಪನಿಗೆ ಯಾವುದರಿಂದ ಎಷ್ಟು ಹುಟ್ಟುವಳಿ ಎಂದು ತಿಳಿಸುವುದು ಅವನ ಕೆಲಸ. ಆದ್ದರಿಂದ ಕುಲುಮೆಯ ಅಳತೆ ಕೊಟ್ಟ, ಬಣ್ಣದ ಲೆಕ್ಕ ಕೊಟ್ಟ. ಕುಲುಮೆಯ ಮುಂದಿದ್ದವರ ಹೆಸರು ಅವನಿಗೆ ಬೇಕಿರಲಿಲ್ಲ.

ಒಂದು ಮಾತು ಇಲ್ಲಿ ಸ್ಪಷ್ಟಪಡಿಸಬೇಕು. ಬಳೆ ಊದಿದ ಗಾಜಲ್ಲ, ಸುತ್ತಿದ ಗಾಜು. ಕರಗಿದ ಗಾಜಿನ ಚೂರನ್ನು ಸಲಾಕೆಗೆ ಅಂಟಿಸಿಕೊಂಡು ತಿರುಗಿಸಿ ತಿರುಗಿಸಿ ಉಂಗುರ ಹಿಗ್ಗಿಸುವುದು ಹಳೆಯ ಪದ್ಧತಿ. ಆದರೂ ಕೈ ಓದುವ ಭಾಷೆ ಒಂದೇ. ಬೆಂಕಿ, ತಿರುಗು, ಹದ, ಅವಸರ.

ಬಳೆಯ ಕುಲುಮೆ ಆರಿದ್ದಕ್ಕೆ ಕಾರಣ ಹುಡುಕಲು ಬಹಳ ಕಷ್ಟಪಡಬೇಕಿಲ್ಲ. ಮೊದಲು ಆಸ್ಟ್ರಿಯ ಸಾಮ್ರಾಜ್ಯದ ಬೊಹೆಮಿಯಾದಿಂದ, ಮೊದಲ ಮಹಾಯುದ್ಧದಲ್ಲಿ ಆ ದಾರಿ ಮುಚ್ಚಿದ ಮೇಲೆ ಜಪಾನಿನಿಂದ, ಹಡಗುಗಟ್ಟಲೆ ಬಳೆ ಬಂದಿಳಿಯಿತು. ಆಮೇಲೆ ಉತ್ತರಪ್ರದೇಶದ ಫಿರೋಜಾಬಾದ್ ಇಡೀ ದೇಶದ ಬಳೆಯ ಊರಾಯಿತು. ಚನ್ನಪಟ್ಟಣದ ಬೊಂಬೆ ಬದುಕಿಕೊಂಡದ್ದು ಬರೀ ಅದೃಷ್ಟದಿಂದಲ್ಲ. ಸರಕಾರದ ತರಬೇತಿ ಶಾಲೆ ಇತ್ತು, ಜಪಾನಿನ ಕಡಚಲು ವಿದ್ಯೆ ತಂದರೆಂದು ಜನ ನೆನೆಯುವ ಬಾವಾಸ್ ಮಿಯಾನ್ ಇದ್ದರು, ತೀರ ಈಚೆಗೆ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿತು. ಬಳೆ ಮಾಡುವವರ ಪಾಲಿಗೆ ಇದಾವುದೂ ಒದಗಿಬರಲಿಲ್ಲ. ಅದೇ ಕಾಲಕ್ಕೆ, 1912ರಲ್ಲಿ ಮುಗಿದ ಮೈಸೂರು ಅರಮನೆಯ ಕಲ್ಯಾಣಮಂಟಪದ ನವಿಲಿನ ಬಣ್ಣದ ಗಾಜು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂತು. ಮಾರ್ಗದರ್ಶಿಗಳು ಆ ಊರಿನ ಹೆಸರನ್ನು ಹೆಮ್ಮೆಯಿಂದಲೇ ಹೇಳುತ್ತಾರೆ.

ಇತ್ತ ನಮ್ಮ ಕುಲುಮೆಗಳು ಆರಿಹೋದ ಮೇಲೆ ಅತ್ತ ಅಮೆರಿಕದಲ್ಲಿ ಒಂದು ಹೊಸ ಕುಲುಮೆ ಹತ್ತಿಕೊಂಡಿತು. 1962ರಲ್ಲಿ ಒಹಾಯೊದ ಟೊಲೀಡೊ ಕಲಾ ಸಂಗ್ರಹಾಲಯದ ಆವರಣದ ಒಂದು ಗ್ಯಾರೇಜಿನಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕುಂಬಾರಿಕೆ ಕಲಿಸುತ್ತಿದ್ದ ಹಾರ್ವಿ ಲಿಟಲ್‌ಟನ್ ಎರಡು ಕಾರ್ಯಾಗಾರಗಳನ್ನು ನಡೆಸಿದರು. ಗಾಜು ಕಾರ್ಖಾನೆಯಲ್ಲೇ ಆಗಬೇಕಿಲ್ಲ, ಕಲಾವಿದ ತನ್ನ ಸ್ವಂತ ಸಣ್ಣ ಕುಲುಮೆಯಲ್ಲಿ ತಾನೇ ಊದಬಹುದು ಎಂಬುದು ಅವರ ಹಟ. ಇದೇ ‘ಸ್ಟುಡಿಯೊ ಗಾಜು’ ಚಳವಳಿಯ ಆರಂಭ ಎಂದು ಎಲ್ಲ ಪುಸ್ತಕಗಳೂ ಬರೆಯುತ್ತವೆ. ಅಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಕಥೆ ಬೇರೆಯಾಗುತ್ತದೆ. ಲಿಟಲ್‌ಟನ್ ಅವರ ಮೊದಲ ಗಾಜು ಕರಗಿ ಹದಕ್ಕೆ ಬರಲಿಲ್ಲ. ಗಾಜಿನೆಳೆಯ ಕಾರ್ಖಾನೆಯಲ್ಲಿ ಸಂಶೋಧಕರಾಗಿದ್ದ ಡೊಮಿನಿಕ್ ಲಬಿನೊ ಎಳೆ ತೆಗೆಯಲು ಬಳಸುವ ಗಾಜಿನ ಗೋಲಿಗಳನ್ನು ತಂದುಕೊಟ್ಟರು, ಅವು ಸುಲಭವಾಗಿ ಕರಗಿದವು. ಗಾಜೇನೋ ಕರಗಿತು, ಊದಲು ಯಾರಿಗೆ ಬರುತ್ತಿತ್ತು? ಅದೇ ಊರಿನ ಲಿಬಿ ಗಾಜಿನ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಹಾರ್ವಿ ಲೀಫ್‌ಗ್ರೀನ್ ಎಂಬ ಕೆಲಸಗಾರರು ಬಂದು ಕೊಳವೆ ಹಿಡಿಯುವುದು ಹೇಗೆ, ಊದುವುದು ಹೇಗೆ ಎಂದು ಮೇಷ್ಟ್ರುಗಳಿಗೆ ಮಾಡಿ ತೋರಿಸಿದರು. ಲಿಟಲ್‌ಟನ್ ಅವರನ್ನು ಚಳವಳಿಯ ಪಿತಾಮಹ ಎನ್ನುತ್ತಾರೆ. ಲೀಫ್‌ಗ್ರೀನ್ ಹೆಸರು ಅಡಿಟಿಪ್ಪಣಿಯಲ್ಲಿ ಸಿಕ್ಕಿದರೆ ಪುಣ್ಯ. ಹಾಗೆ ನೋಡಿದರೆ ಅವರಿಗೆ ಹೆಸರಾದರೂ ಉಳಿದಿದೆ, ಮತ್ತೋಡಿನವರಿಗೆ ಅದೂ ಇಲ್ಲ.

ಲಿಟಲ್‌ಟನ್ ಬಗ್ಗೆ ನನ್ನ ತಕರಾರು ಅಷ್ಟಾಗಿ ಇಲ್ಲ. ಅವರು ತಾವೇ ಬೆಂಕಿಯ ಮುಂದೆ ನಿಂತರು, ಕಲಿಸಿದರು. ಅವರ ಶಿಷ್ಯರಲ್ಲಿ ಜಗತ್ಪ್ರಸಿದ್ಧರಾದ ಡೇಲ್ ಚಿಹೂಲಿ ವಿಷಯ ತೊಡಕಿನದು. 1976ರಲ್ಲಿ ಇಂಗ್ಲೆಂಡಿನಲ್ಲಿ ಕಾರು ಅಪಘಾತದಲ್ಲಿ ಅವರು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು. 1979ರಲ್ಲಿ ಭುಜಕ್ಕೆ ಪೆಟ್ಟಾಯಿತು. ಅಂದಿನಿಂದ ಊದುವ ಕೆಲಸ ಅವರ ತಂಡದ್ದು. ಅವರು ಬಣ್ಣದಲ್ಲಿ ಗೀಚಿ ತೋರಿಸುತ್ತಾರೆ, ನಿರ್ದೇಶಿಸುತ್ತಾರೆ. ಹೋಟೆಲಿನ ಛಾವಣಿಗೂ ತೋಟದ ಕೊಳಕ್ಕೂ ಹೊಂದುವ ಆ ಬೃಹತ್ ಗೊಂಚಲುಗಳು ನಿಜಕ್ಕೂ ಕಣ್ಣು ಕೋರೈಸುತ್ತವೆ. ಆದರೆ ಒಂದನ್ನೇ ನೋಡುತ್ತಾ ನಿಂತರೆ, ಅಲ್ಲಿ ದುಡಿದಿರುವುದು ಹದಕ್ಕಿಂತ ಹೆಚ್ಚಾಗಿ ಸಂಖ್ಯೆ ಎನ್ನಿಸುತ್ತದೆ. ನೂರಾರು ಕೊಂಬುಗಳನ್ನು ಒಂದೆಡೆ ಕಟ್ಟಿದರೆ ಯಾವುದೇ ಒಂದು ಕೊಂಬು ಸೊಟ್ಟಗಿದ್ದರೂ ಲೆಕ್ಕಕ್ಕಿಲ್ಲ. ಸಿನಿಮಾದಲ್ಲಿ ನಿರ್ದೇಶಕನ ಹೆಸರು ದೊಡ್ಡದಾಗಿರುತ್ತದೆ ನಿಜ, ಛಾಯಾಗ್ರಾಹಕನ ಹೆಸರೂ ತೆರೆಯ ಮೇಲೆ ಬರುತ್ತದಲ್ಲ ಎಂದು ಕೇಳುವ ಹಕ್ಕು ನೋಡುಗರಿಗಿದೆ.

ಇದಕ್ಕೆ ಎದುರಾಗಿ ಇಟಲಿಯ ಲಿನೊ ತಾಲ್ಯಾಪಿಯೆತ್ರಾ ಅವರನ್ನು ಇಟ್ಟು ನೋಡಬೇಕು. ವೆನಿಸ್ ಗಣರಾಜ್ಯ 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಸಾಗಿಸಿತು. ಗುಟ್ಟು ಹೊರಹೋಗದಂತೆ ಕುಶಲಕರ್ಮಿಗಳನ್ನು ಅಲ್ಲೇ ಕೂಡಿಹಾಕುವ ಕಟ್ಟಳೆಗಳೂ ಬಂದವು. ಅದೇ ದ್ವೀಪದಲ್ಲಿ 1934ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಕುಲುಮೆಗೆ ಸೇರಿ, ಇಪ್ಪತ್ತೊಂದರ ಹರೆಯಕ್ಕೆ ‘ಮಾಯೆಸ್ತ್ರೊ’ ಅಂದರೆ ಉಸ್ತಾದ್ ಆದವರು ಲಿನೊ. 1979ರಲ್ಲಿ ಅಮೆರಿಕದ ಪಿಲ್ಚಕ್ ಶಾಲೆಗೆ ಹೋಗಿ ಗುಟ್ಟುಗಳನ್ನು ಕಲಿಸಿದಾಗ ಊರವರ ಸಿಟ್ಟಿಗೂ ಗುರಿಯಾದರು. ಅವರ ಹೆಸರಿನಲ್ಲಿರುವ ಪಾತ್ರೆಗಳನ್ನು ನೋಡಿ: ಎಳೆ ಎಳೆಯಾಗಿ ಸುತ್ತಿದ ಬಿಳಿ ನೂಲು ಗಾಜಿನೊಳಗೆ ಒಂದು ಸುತ್ತೂ ತಪ್ಪದೆ ಕತ್ತಿನವರೆಗೆ ಹತ್ತಿ ಮಾಯವಾಗುತ್ತದೆ. ಇದು ಕೂಲಿಯಾಗಿ ಬೆಂಕಿಯ ಮುಂದೆ ಕಳೆದ ದಶಕಗಳು ಕೈಗೆ ಕೊಟ್ಟ ವಿದ್ಯೆ. ಕೆಲಸಗಾರನೇ ಕಲಾವಿದನೆಂದು ಸಹಿ ಹಾಕಿದ ಇಂಥ ಉದಾಹರಣೆ ಗಾಜಿನ ಲೋಕದಲ್ಲಿ ಅಪರೂಪ.

ಸಹಿಯ ಪ್ರಶ್ನೆ ಹೊಸದೇನಲ್ಲ. ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ ಸಿರಿಯಾ, ಪ್ಯಾಲೆಸ್ತೀನ್ ಕರಾವಳಿಯಲ್ಲಿ ಯಾರೋ ಕೊಳವೆಯ ತುದಿಯ ಗಾಜಿಗೆ ಊದಿ ನೋಡಿದ್ದರಿಂದ ಈ ವಿದ್ಯೆ ಹುಟ್ಟಿತು. ಅನಂತರ ಒಂದು ನೂರು ವರ್ಷದೊಳಗೆ ಎನ್ನಿಯಾನ್ ಎಂಬ ಕುಶಲಕರ್ಮಿ ಅಚ್ಚಿನಲ್ಲಿ ಊದಿದ ತನ್ನ ಬಟ್ಟಲುಗಳ ಮೇಲೆ ಗ್ರೀಕ್ ಲಿಪಿಯಲ್ಲಿ ತಾನೇ ಮಾಡಿದ್ದೆಂದು ಹೆಸರು ಮೂಡಿಸಿದ. ಆಮೇಲೆ ಅದೇ ನೆಲದಲ್ಲಿ, ಮಮ್ಲೂಕ್ ಸುಲ್ತಾನರ ಕಾಲದ ಸಿರಿಯಾ ಮತ್ತು ಈಜಿಪ್ಟಿನಲ್ಲಿ, ಊದಿದ ಗಾಜಿಗೆ ಚಿನ್ನ, ನೀಲಿ, ಕೆಂಪು ಎನಾಮಲಿನ ಚಿತ್ತಾರ ಬರೆದ ಮಸೀದಿಯ ತೂಗುದೀಪಗಳು ಬಂದವು. ಕುರ್‌ಆನಿನ ಅನ್ನೂರ್ ಅಧ್ಯಾಯದ 35ನೇ ಆಯತ್ ದೇವರ ಬೆಳಕನ್ನು ಗಾಜಿನೊಳಗಿನ ದೀಪಕ್ಕೆ ಹೋಲಿಸುತ್ತದೆ. ಎಷ್ಟೋ ದೀಪಗಳ ಕೊರಳಿನ ಸುತ್ತ ಆ ಆಯತ್ತನ್ನೇ ಬರೆದಿದ್ದಾರೆ. ಹಣತೆ ಹಚ್ಚಿದಾಗ ಅಕ್ಷರಗಳೇ ಬೆಳಗಬೇಕೆಂಬ ಕಲ್ಪನೆ ಅದು. ಗಾಜಿನ ಕಲೆ ಅರ್ಥಕ್ಕೆ ಇಷ್ಟು ಹತ್ತಿರ ಬಂದದ್ದು ಬೇರೆಲ್ಲೂ ನನಗೆ ಕಂಡಿಲ್ಲ. ಆದರೆ ದೀಪದ ಹೊಟ್ಟೆಯ ಮೇಲೆ ಇರುವ ಹೆಸರು ಅದನ್ನು ಮಸೀದಿಗೆ ಕೊಟ್ಟ ಸುಲ್ತಾನನದು ಅಥವಾ ಅಮೀರನದು. ಊದಿದವರ ಹೆಸರು ಬಲು ವಿರಳ. ದಾನಿಯ ಹೆಸರನ್ನು ಕಲ್ಲಿನಲ್ಲೂ ಫ್ಯಾನಿನ ರೆಕ್ಕೆಯಲ್ಲೂ ಬರೆಯುವ ನಮ್ಮ ಮಸೀದಿ ಗುಡಿಗಳ ಚಾಳಿ ಎಷ್ಟು ಹಳೆಯದು ನೋಡಿ.

ಭಾರತದಲ್ಲಿ ಗಾಜು ಊದುವವರ ಒಂದು ಪರಂಪರೆ ಗುಜರಾತಿನ ಖೇಡಾ ಜಿಲ್ಲೆಯ ಕಪಡ್‌ವಂಜ್‌ನಲ್ಲಿತ್ತು. ಶೀಶ್‌ಗರ್ ಎಂದೇ ಕರೆಸಿಕೊಳ್ಳುವ ಮುಸ್ಲಿಂ ಕುಟುಂಬಗಳವು. ನಮ್ಮ ಕನ್ನಡದ ‘ಸೀಸೆ’ ಬಂದದ್ದೂ ಅದೇ ಪಾರಸಿಯ ‘ಶೀಶಾ’ದಿಂದ. ಅವರು ಒಡೆದ ಬಾಟಲಿಗಳನ್ನು ಕರಗಿಸಿ ದೊಡ್ಡ ತೆಳುವಾದ ಬುರುಡೆ ಊದಿ, ಅದರೊಳಗೆ ಕರಗಿದ ಸೀಸದ ಮಿಶ್ರಣ ಸುರಿದು ಅಲ್ಲಾಡಿಸಿ ಕನ್ನಡಿ ಮಾಡಿ, ಆಮೇಲೆ ಆ ಬುರುಡೆಯನ್ನು ಒಡೆಯುತ್ತಾರೆ. ಚೂರುಗಳನ್ನು ಹೆಂಗಸರು ಕೂತು ದುಂಡಗೆ ಕತ್ತರಿಸುತ್ತಾರೆ. ಬಟ್ಟೆಗೆ ಹೊಲಿಯುವ ಬಿಲ್ಲೆ ಕನ್ನಡಿ ಅದು. ಊದಿದ್ದರಿಂದ ಪ್ರತಿ ಚೂರಿಗೂ ಒಂದಿಷ್ಟು ಉಬ್ಬು ಉಳಿಯುತ್ತದೆ, ಹಾಗಾಗಿ ಕಾರ್ಖಾನೆಯ ಚಪ್ಪಟೆ ಕನ್ನಡಿಯಂತೆ ಚುಚ್ಚುವ ಹೊಳಪಿಲ್ಲ. ಮೆಲ್ಲಗೆ ಮಿನುಗುತ್ತದೆ. ಲಂಬಾಣಿ ಹೆಂಗಸರ ಹಳೆಯ ಲಂಗ ಕುಪ್ಪಸಗಳಲ್ಲಿ ನಾವು ಮೆಚ್ಚುವ ಮಿನುಗು ಇಂಥ ಕನ್ನಡಿಯದು. ಊದಿದವರು ಮುಸ್ಲಿಮರು, ಹೊಲಿದವರು ಲಂಬಾಣಿಗಳು. ಸಂಗ್ರಹಾಲಯದ ಚೀಟಿಯಲ್ಲಿ ಎರಡು ಹೆಸರೂ ಇರುವುದಿಲ್ಲ, ‘ಜಾನಪದ ಕಸೂತಿ’ ಎಂದಿರುತ್ತದೆ.

ನಮ್ಮ ಕಾಲದ ಭಾರತೀಯ ಸ್ಟುಡಿಯೊ ಗಾಜಿನವರು ಕೆಲವೇ ಮಂದಿ. ಕೋಲ್ಕತ್ತಾದ ಶ್ರೀಲಾ ಮುಖರ್ಜಿ, ದಿಲ್ಲಿಯ ರೇಶ್ಮಿ ಡೇ ತಮ್ಮದೇ ಕುಲುಮೆ ಹೂಡಿಕೊಂಡು ಊದುವವರು. ಹೆಂಗಸರನ್ನು ಕುಲುಮೆಯ ಹತ್ತಿರಕ್ಕೂ ಬಿಟ್ಟುಕೊಳ್ಳದ ಕಸುಬಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಬೆಂಗಳೂರಿನಲ್ಲಿ ‘ಚೋಚೋಮಾ’ ಎಂಬ ಸ್ಟುಡಿಯೊ ನಡೆಸಿದ ಅಂಜಲಿ ಶ್ರೀನಿವಾಸನ್ ಅವರ ಕೆಲಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನ್ನಿಸುತ್ತದೆ. 2016ರಲ್ಲಿ ಸ್ವರೋವ್‌ಸ್ಕಿ ಕಂಪನಿಯ ವಿನ್ಯಾಸಕರ ಪ್ರಶಸ್ತಿಗಾಗಿ ಅವರು ಮಾಡಿದ ‘ಉಂಡಾ’ ಎಂಬ ಕೃತಿ, ಮುಟ್ಟಿದಾಗ ಬೆಳಕು ಮೂಡುವ ಗಾಜಿನ ಗೋಡೆ. ನಾನು ಅದನ್ನು ಕಂಡಿರುವುದು ಚಿತ್ರಗಳಲ್ಲಿ ಮಾತ್ರ, ಆದ್ದರಿಂದ ಮಾತನ್ನು ಹಿಡಿದು ಆಡಬೇಕು. ಗಾಜಿನ ಕಲೆ ಎಲ್ಲ ಕಡೆಯೂ ‘ಮುಟ್ಟಬೇಡಿ’ ಎಂಬ ಫಲಕದ ಹಿಂದೆ ಕೂತಿರುವಾಗ, ಮುಟ್ಟಿ ಎನ್ನುವ ಗಾಜು ಇದು. ನಮ್ಮ ದೇಶದಲ್ಲಿ ಗಾಜು ಮೊದಲಿನಿಂದಲೂ ಮೈಗೆ ತಾಗಿ ಬದುಕಿದ ವಸ್ತು. ಶೋಕೇಸಿನ ಹೂದಾನಿಗಿಂತ ಬಳೆ ನಮಗೆ ಹಳೆಯ ನಂಟು. ಆ ನೆನಪು ಈ ಕೃತಿಗಿದೆಯೋ ಇಲ್ಲವೋ, ನನ್ನಂಥ ನೋಡುಗನಿಗೆ ಬಂತು. ಇದರ ಇನ್ನೊಂದು ಮಗ್ಗುಲೂ ಇದೆ. ಆ ಬೆಳಕಿಗೆ ಹರಳು ಕಂಪನಿಯ ಹಣ ಬೇಕಾಯಿತು, ನೋಡಲು ಸ್ವಿಟ್ಜರ್ಲೆಂಡಿನ ವಿನ್ಯಾಸ ಮೇಳಕ್ಕೆ ಹೋಗಬೇಕಾಯಿತು. ಮಳವಳ್ಳಿಯ ಹುಡುಗಿಯೊಬ್ಬಳು ಅದನ್ನು ಮುಟ್ಟುವ ದಾರಿ ಯಾವುದು?

ಇವರೆಲ್ಲರ ಹಿಂದೆ ಒಂದಲ್ಲ ಒಂದು ಬಗೆಯಲ್ಲಿ ಫಿರೋಜಾಬಾದ್ ನಿಂತಿದೆ. ಅಲ್ಲಿ ಕುಲುಮೆಯಿಂದ ಎಳೆದ ಗಾಜನ್ನು ಉರುಳೆಗೆ ಸುತ್ತಿ ಸ್ಪ್ರಿಂಗಿನಂತೆ ಸುರುಳಿ ಮಾಡಿ ಕತ್ತರಿಸುತ್ತಾರೆ. ಬಾಯಿ ಬಿಟ್ಟ ಬಳೆಗಳು ಆಮೇಲೆ ಕೇರಿಗಳ ಮನೆಗಳಿಗೆ ಹೋಗುತ್ತವೆ. ದೀಪದ ಉರಿಗೆ ಹಿಡಿದು ಸೊಟ್ಟ ತಿದ್ದುವುದು ಸಧಾಯಿ, ತುದಿ ಕೂಡಿಸುವುದು ಜುಡಾಯಿ. ಹೆಂಗಸರು ಮಕ್ಕಳು ಹೊಗೆಯ ಕೋಣೆಯಲ್ಲಿ ಕೂತು ಮಾಡುತ್ತ ಬಂದ ಕೆಲಸವಿದು. ತಾಜ್‌ಮಹಲಿನ ಅಮೃತಶಿಲೆ ಕಪ್ಪಾಗುತ್ತಿದೆ ಎಂದು ಸುಪ್ರೀಂ ಕೋರ್ಟು 1996ರ ಡಿಸೆಂಬರ್ 30ರಂದು ತೀರ್ಪು ಕೊಟ್ಟ ಮೇಲೆ ಆ ವಲಯದ ಕುಲುಮೆಗಳು ಕಲ್ಲಿದ್ದಲು ಬಿಟ್ಟು ಅನಿಲಕ್ಕೆ ಹೊರಳಬೇಕಾಯಿತು. ಕಲ್ಲನ್ನು ಕಾಪಾಡಲು ನ್ಯಾಯಾಲಯದವರೆಗೆ ಹೋಗುವವರಿದ್ದರು. ಜುಡಾಯಿ ಮಾಡುವವಳ ಕಣ್ಣು ಶ್ವಾಸಕೋಶಗಳಿಗೆ ಅಂಥ ವಕೀಲರು ಸಿಗುವುದು ಕಷ್ಟ.

ನನ್ನ ದಾದಿ ಈದ್‌ನ ಹಿಂದಿನ ರಾತ್ರಿ, ಚಂದ್ರ ಕಂಡ ಮೇಲೆ, ಮನೆಯ ಹೆಣ್ಣುಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಬಳೆ ತೊಡಿಸುತ್ತಿದ್ದರು. ಒಡೆದ ಚೂರುಗಳನ್ನು ಬಿಸಾಡಲು ಬಿಡುತ್ತಿರಲಿಲ್ಲ. ಅವನ್ನು ಮೇಣದಬತ್ತಿಯ ಉರಿಗೆ ಹಿಡಿದು ಬಗ್ಗಿಸಿ ಒಂದಕ್ಕೊಂದು ಕೊಂಡಿ ಹಾಕಿ ಬಾಗಿಲಿಗೆ ಸರ ಮಾಡುತ್ತಿದ್ದರು. ಗಾಜಿನ ಕುಲುಮೆಯನ್ನು ಅವರು ಜನ್ಮದಲ್ಲಿ ನೋಡಿದವರಲ್ಲ. ಬೆರಳಿಗೆ ಬಿಸಿ ತಾಗುವ ಮುಂಚೆ ಚೂರು ಬಾಗುವ ಆ ಒಂದು ಕ್ಷಣ ಅವರಿಗೆ ಗೊತ್ತಿತ್ತು.

ಹೋದ ಸಲ ಮಳವಳ್ಳಿಯ ಸಿಡಿಹಬ್ಬಕ್ಕೆ ಹೋದಾಗ ಬಳೆ ಅಂಗಡಿಯ ಮುಂದೆ ನಿಂತಿದ್ದೆ. ಹಳ್ಳಿಯಿಂದ ಬಂದ ಹೆಂಗಸೊಬ್ಬರು ಮಗಳ ಕೈ ಮುಂದೆ ಮಾಡಿ, ‘ಸಾಬ್ರೇ, ಹಸ್ರು ಗಾಜಿಂದು ಒಂದ್ ಡಜನ್ ತೊಡ್ಸಿ, ಮದ್ವೆ ಗೊತ್ತಾಗದೆ’ ಎಂದರು. ಅಂಗಡಿಯವರು ಹುಡುಗಿಯ ಗೆಣ್ಣು ಒತ್ತಿ ನೋಡಿ, ‘ಎರಡು-ನಾಲ್ಕು ಸಾಕು. ಕೈ ಸಡ್ಲ ಬುಡವ್ವ’ ಎಂದು ಒಂದೊಂದಾಗಿ ಏರಿಸತೊಡಗಿದರು. ಒಂದೂ ಒಡೆಯಲಿಲ್ಲ. ‘ಇವನ್ನ ಯಾರು ಮಾಡ್ತಾರೆ ಭಾಯಿ?’ ಎಂದು ನಾನು ಕೇಳಿದೆ. ಅವರು ತಲೆ ಎತ್ತದೆ ಪಕ್ಕದ ರಟ್ಟಿನ ಪೆಟ್ಟಿಗೆಯತ್ತ ಕಣ್ಣು ಹಾಯಿಸಿದರು. ಅದರ ಮೇಲೆ ಹಿಂದಿಯಲ್ಲಿ ಊರಿನ ಹೆಸರು, ಅಳತೆ, ಬಣ್ಣದ ನಂಬರು ಇತ್ತು.